ಅಜ್ಜನಿಂದ ಮೊಮ್ಮಗನಿಗೆ

ಅಕ್ಕನ ಮೊಮ್ಮಗನ ವಿಷಯವನ್ನು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಮನೆಯವರೆಲ್ಲರೂ ಒಪ್ಪಿದ್ದರಿಂದ ಈಗ ಬರೆಯುತ್ತಿದ್ದೇನೆ.

ಹುಡುಗನಿಗೆ ಒಂಬತ್ತು ವರ್ಷ. ಮಾತು ತಡವಾಗಿ ಬಂದಿತು. ಬಂದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಮದುವೆಮನೆಯ ವಾಲಗ ಕೇಳಿದರೆ ಕೈ ಕಚ್ಚಿಕೊಂಡು ಮೂಲೆ ಸೇರುತ್ತಾನೆ. ಲೆಕ್ಕ ತಲೆಗೆ ಹತ್ತದು, ಆದರೆ ಒಮ್ಮೆ ನಡೆದ ದಾರಿಯನ್ನು ಮರೆಯನು. ಎದುರಿಗಿದ್ದವರ ಕಣ್ಣನ್ನು ನೋಡುವುದಿಲ್ಲ. ಶಾಲೆಯಲ್ಲಿ ಇದನ್ನು ಉದ್ಧಟತನವೆಂದರು. (‘ಮುಖ ನೋಡಿ ಮಾತನಾಡು’ ಎನ್ನುವ ಚಪಲ ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಚ್ಚೇ.) ನೆಂಟರು ತಾಯಿಯೇ ಮುದ್ದು ಮಾಡಿ ಕೆಡಿಸಿದಳೆಂದರು.

ರಕ್ತಪರೀಕ್ಷೆಯಿಂದ ತಿಳಿದುಬಂದ ಹೆಸರು ‘ಫ್ರಜೈಲ್ ಎಕ್ಸ್’. ಎಕ್ಸ್ ವರ್ಣತಂತುವಿನಲ್ಲಿರುವ ಎಫ್‌ಎಂಆರ್1 ಎಂಬ ಜೀನು ಇದಕ್ಕೆ ಮೂಲ. ಅದು ಪತ್ತೆಯಾದುದು 1991ರಲ್ಲಿ. ಅದರಲ್ಲಿ ಸಿಜಿಜಿ ಎಂಬ ಮೂರಕ್ಷರದ ಗುಂಪು ಸಾಲಾಗಿ ಪುನರಾವರ್ತನೆಗೊಳ್ಳುತ್ತದೆ, ಸಾಮಾನ್ಯವಾಗಿ ಸುಮಾರು 30 ಬಾರಿ. 55ರಿಂದ 200ರವರೆಗೆ ಇದ್ದವರು ವಾಹಕರು. 200 ದಾಟಿದರೆ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ. ನರಕೋಶಗಳ ಜೋಡಣೆ ಹದಗೊಳ್ಳಲು ಬೇಕಾದ ಪ್ರೋಟೀನು ತಯಾರಾಗದು. ಕಾಪಿ ಬರೆಯುವ ಮಗು ಒಂದೇ ಪದವನ್ನು ಪುಟ ತುಂಬ ಬರೆಯುತ್ತ ಮುಂದಿನ ಪಾಠವನ್ನೇ ಮರೆತಂತೆ. ತಾಯಿಯಿಂದ ಮಗುವಿಗೆ ದಾಟುವಾಗ ಈ ಸಂಖ್ಯೆ ಇದ್ದಕ್ಕಿದ್ದಂತೆ ಬೆಳೆಯಬಲ್ಲದು.

ನಮ್ಮ ಭಾವನವರ ಕೈನಡುಕವನ್ನೂ ತಡವರಿಸುವ ನಡಿಗೆಯನ್ನೂ ಊರೆಲ್ಲ ವೃದ್ಧಾಪ್ಯದ ಲೆಕ್ಕಕ್ಕೆ ಬರೆದಿತ್ತು. ಐವತ್ತು ದಾಟಿದ ವಾಹಕ ಗಂಡಸರಲ್ಲಿ ಹೀಗಾಗಬಹುದೆಂದು ವೈದ್ಯರು ಗುರುತಿಸಿದ್ದು 2001ರಲ್ಲಿ. ಪರೀಕ್ಷಿಸಿದಾಗ ಅವರು ವಾಹಕರೆಂದೇ ತಿಳಿಯಿತು. ಗಂಡಿಗೆ ಇರುವುದು ಒಂದೇ ಎಕ್ಸ್. ಅದು ಹೆಣ್ಣುಮಕ್ಕಳೆಲ್ಲರಿಗೂ ಹೋಗುತ್ತದೆ, ಗಂಡುಮಕ್ಕಳಿಗೆ ಹೋಗುವುದಿಲ್ಲ. ಅಂದರೆ ಅವರ ಮೂವರು ಹೆಣ್ಣುಮಕ್ಕಳೂ ವಾಹಕರು. ಸೋದರಸಂಬಂಧದ ಮದುವೆಯನ್ನು ದೂರುವವರಿದ್ದಾರೆ. ಇಲ್ಲಿ ಅದಲ್ಲ ಕಾರಣ.

ಕಿರಿಯವಳ ಮದುವೆಯ ಮಾತುಕತೆ ನಡೆದಿತ್ತು. ಹಿರಿಯರು ಕೆಲವರು “ಈಗೇಕೆ ಹೇಳುವುದು?” ಎಂದರು. ಅವಳ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಇದು ದಾಟುವ ಸಂಭವ ಅರ್ಧದಷ್ಟಿರುವಾಗ, ಗರ್ಭದಲ್ಲಿಯೇ ಪರೀಕ್ಷಿಸುವ ಅವಕಾಶವೂ ಇರುವಾಗ, ಮುಚ್ಚಿಡುವುದು ನನಗೆ ಸರಿಕಾಣಲಿಲ್ಲ. ಅವಳೇ “ಹೇಳಿಬಿಡಿ ಅಪ್ಪ” ಎಂದಳು. ಭಾವನವರು ನಡುಗುವ ಕೈಯಲ್ಲಿ ವರದಿಯನ್ನು ಹಿಡಿದು ವರನ ಮನೆಗೆ ತಾವೇ ಹೋಗಿ ಬಂದರು. ಅವರು ಯೋಚಿಸಲು ಒಂದು ತಿಂಗಳು ಕೇಳಿದ್ದಾರೆ.

ಇದನ್ನು ಗುಣಪಡಿಸುವ ಔಷಧಿಯಿಲ್ಲ. ಹುಡುಗನಿಗೆ ಮಾತಿನ ತರಬೇತಿ ನಡೆದಿದೆ. ವಿಶೇಷ ಶಿಕ್ಷಕಿಯೊಬ್ಬರು ಅವನ ಎದುರಿಗಲ್ಲ, ಪಕ್ಕದಲ್ಲಿ ಕುಳಿತು, ನಾಣ್ಯಗಳಿಂದ ಕೂಡುವುದನ್ನು ಕಲಿಸುತ್ತಿದ್ದಾರೆ. ಮೊನ್ನೆ ಏಳು ರೂಪಾಯಿಯವರೆಗೆ ಬಂದಿದ್ದಾನೆ.