ಮದುವೆಯ ಉಂಗುರವೂ ಮಂಗಳವಾದ್ಯವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಗೃಹಸ್ಥರಾದವರೆಲ್ಲರಿಗೂ ಬಾಯಿಪಾಠವಾಗಿರುವುದಷ್ಟೆ. ಆದರೆ ಇವೆರಡರಲ್ಲಿ ಮದುವೆಯೇ ಹೆಚ್ಚು ಕಷ್ಟದ್ದೆಂದು ನಮಗೆ ತೋರುತ್ತದೆ. ಗೋಡೆ ವಕ್ರವಾದರೆ ಕೆಡವಿ ಮತ್ತೆ ಕಟ್ಟಬಹುದು; ಮುಹೂರ್ತದ ಗಳಿಗೆಯಾದರೋ ಒಮ್ಮೆ ಕಳೆದರೆ ಮರಳಿ ಬಾರದು. ಛತ್ರ, ಅಡಿಗೆ, ಜವಳಿ ಇವುಗಳ ವಿಚಾರವನ್ನು ಮನೆಯ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರಾದುದರಿಂದ ಆ ಗೋಜಿಗೆ ನಾವು ಹೋಗುವುದಿಲ್ಲ. ಉಂಗುರವನ್ನು ಆರಿಸುವುದು, ವಾದ್ಯದವರನ್ನು ಗೊತ್ತುಮಾಡುವುದು, ಈ ಎರಡು ವಿಷಯಗಳಲ್ಲಿ ಮಾತ್ರ ನಮ್ಮ ಅನುಭವಕ್ಕೆ ಬಂದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ. ಇವುಗಳಲ್ಲಿ ಒಂದು ಐವತ್ತು ವರ್ಷ ಕೈಯಲ್ಲಿರತಕ್ಕದ್ದು; ಇನ್ನೊಂದು ಆ ದಿನವೇ ಗಾಳಿಯಲ್ಲಿ ಸೇರಿಹೋಗತಕ್ಕದ್ದು. ಹಾಗಿದ್ದರೂ ಹಣವನ್ನು ಸುರಿಯುವಾಗ ನಾವು ಈ ಭೇದವನ್ನು ಎಣಿಸುವುದೇ ಇಲ್ಲ.

ಕಳೆದ ವೈಶಾಖದಲ್ಲಿ ನಮ್ಮ ತಮ್ಮನ ಮಗಳ ಮದುವೆ ನಡೆಯಿತು. ಅದಕ್ಕೆ ಮೂರು ತಿಂಗಳು ಮುಂಚೆ ತಮ್ಮನು ನಮ್ಮಲ್ಲಿಗೆ ಬಂದು, "ಅಣ್ಣ, ಇರುವವಳು ಒಬ್ಬಳೇ ಮಗಳು. ಆರತಕ್ಷತೆಗೆ ಪಟ್ಟಣದಿಂದ ದೊಡ್ಡ ಆರ್ಕೆಸ್ಟ್ರಾ ತರಿಸಬೇಕೆಂದಿದ್ದೇನೆ. ಮುಂಗಡಕ್ಕೆ ಇವಳ ಬಳೆಗಳನ್ನು ಅಡವಿಟ್ಟರಾಯಿತು, ನೀವೇನು ಹೇಳುತ್ತೀರಿ?" ಎಂದು ಕೇಳಿದನು. ಒಂದು ಕೈಯಿಂದ ಚಿನ್ನವನ್ನು ಕೊಳ್ಳುತ್ತ ಇನ್ನೊಂದು ಕೈಯಿಂದ ಚಿನ್ನವನ್ನು ಅಡವಿಡುವ ಈ ಲೆಕ್ಕ ನಮಗೆ ಹಿಡಿಸಲಿಲ್ಲ. ಆದರೆ ಹೆಣ್ಣಿನ ತಂದೆಯ ಉತ್ಸಾಹಕ್ಕೆ ತಣ್ಣೀರೆರಚುವುದು ಸುಲಭವಲ್ಲ. "ಮೊದಲು ಉಂಗುರದ ಕೆಲಸ ಮುಗಿಯಲಿ, ವಾದ್ಯದ ಮಾತು ಆಮೇಲೆ" ಎಂದು ಹೇಳಿ ಅವನನ್ನೂ ಮಗುವನ್ನೂ ಚಿನಿವಾರರ ಅಂಗಡಿಗೆ ಕರೆದುಕೊಂಡು ಹೋದೆವು.

ಉಂಗುರವು ನಮ್ಮವರಿಗೆ ಹೊಸದಲ್ಲ. ಶಕುಂತಲೆಯ ಕಥೆ ನಿಂತಿರುವುದೇ ಉಂಗುರದ ಮೇಲೆ. ಹನುಮಂತನು ಲಂಕೆಗೆ ಒಯ್ದದ್ದೂ ಉಂಗುರವನ್ನೇ. ಮದುವೆಯ ಮನೆಯಲ್ಲಿ ವಧೂವರರು ಓಕುಳಿಯ ನೀರಿನಲ್ಲಿ ಕೈಯಾಡಿಸಿ ಉಂಗುರವನ್ನು ಹುಡುಕುವ ಆಟವನ್ನು ಯಾರು ತಾನೆ ಕಂಡಿಲ್ಲ! ನಮ್ಮ ಕ್ರೈಸ್ತ ಬಂಧುಗಳಲ್ಲಿ ಇಗರ್ಜಿಯಲ್ಲಿ ಬದಲಾಯಿಸುವ ಉಂಗುರವು ಮದುವೆಯ ಮುಖ್ಯವಾದ ಗುರುತು. ವೀಳ್ಯವನ್ನು ಬದಲಾಯಿಸಿ ನಿಶ್ಚಯ ಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿಯೂ ಈಗ ವಧೂವರರು ಪರಸ್ಪರ ಉಂಗುರ ತೊಡಿಸುವುದು ರೂಢಿಯಾಗಿದೆ. ಇದರಲ್ಲಿ ದೋಷವೇನೂ ಇಲ್ಲ. ಕೊಳ್ಳುವ ವಸ್ತುವನ್ನು ಅರಿತು ಕೊಂಡರೆ ಸಾಕು.

ಚಿನ್ನದ ಶುದ್ಧತೆಯನ್ನು 24 ಭಾಗವಾಗಿ ಎಣಿಸುವರು. 22 ಕ್ಯಾರೆಟ್ಟೆಂದರೆ ಸಾವಿರದಲ್ಲಿ 916 ಭಾಗ ಅಪರಂಜಿ. 18 ಕ್ಯಾರೆಟ್ಟೆಂದರೆ 750 ಭಾಗ. ಹೀಗಾಗಿ 4 ಗ್ರಾಂ ತೂಕದ 22 ಕ್ಯಾರೆಟ್ಟಿನ ಉಂಗುರದಲ್ಲಿ ಸುಮಾರು 3.66 ಗ್ರಾಂ, 18 ಕ್ಯಾರೆಟ್ಟಿನದರಲ್ಲಿ 3 ಗ್ರಾಂ ಅಪರಂಜಿ ಇರುತ್ತದೆ. ಕಡಿಮೆ ಕ್ಯಾರೆಟ್ಟಿನದೆಲ್ಲ ಮೋಸವೆಂದು ತಿಳಿಯಕೂಡದು. ಅಪರಂಜಿಯ ಅಂಶ ಹೆಚ್ಚಿದಷ್ಟೂ ಚಿನ್ನವು ಮೆದುವಾಗುವುದರಿಂದ, ಹರಳನ್ನು ಬಿಗಿಯಾಗಿ ಹಿಡಿದಿಡಲು 18 ಕ್ಯಾರೆಟ್ಟೇ ಗಟ್ಟಿ. ಹರಳಿಲ್ಲದ ಸಾದಾ ಉಂಗುರಕ್ಕೆ 22 ಕ್ಯಾರೆಟ್ಟು ಒಪ್ಪುತ್ತದೆ. ಮೋಸವಾಗುವುದು 18ನ್ನು 22ರ ಬೆಲೆಗೆ ಕೊಂಡಾಗ.

ಹಿಂದೆ ಒರೆಗಲ್ಲನ್ನೂ ಅಕ್ಕಸಾಲಿಗನ ಮಾತನ್ನೂ ನಂಬಬೇಕಾಗಿತ್ತು. 2021ನೆಯ ಇಸವಿಯ ಜೂನ್ ತಿಂಗಳಿನಿಂದ ಸರ್ಕಾರದವರು ಹಾಲ್‌ಮಾರ್ಕ್ ಮುದ್ರೆಯನ್ನು ಮೊದಲು 256 ಜಿಲ್ಲೆಗಳಲ್ಲಿ ಕಡ್ಡಾಯ ಮಾಡಿ, ಮುಂದೆ ಇತರ ಜಿಲ್ಲೆಗಳಿಗೂ ಹಬ್ಬಿಸುತ್ತ ಬಂದರು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ಮುದ್ರೆಯ ಒಡವೆಯ ಮೇಲೂ ಮೂರು ಗುರುತುಗಳಿರಬೇಕು: ಮಾನಕ ಬ್ಯೂರೋದ ಚಿಹ್ನೆ, 22ಕೆ916 ಎಂಬಂತಹ ಶುದ್ಧತೆಯ ಗುರುತು, ಮತ್ತು ಅಕ್ಷರಗಳೂ ಅಂಕೆಗಳೂ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. ಉಂಗುರದಲ್ಲಿ ಇವು ಬಹು ಸಣ್ಣದಾಗಿರುವುದರಿಂದ ಅಂಗಡಿಯವರಿಂದ ಭೂತಗನ್ನಡಿಯನ್ನು ಕೇಳಿ ಪಡೆದು ನೋಡತಕ್ಕದ್ದು, ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಒಡವೆಯ ವಿವರ ಕುಳಿತಲ್ಲಿಯೇ ತಿಳಿಯುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಗುವ ಒಡವೆಗೆ ಈ ಕಟ್ಟಳೆಯಿಂದ ವಿನಾಯಿತಿ ಇರುವುದರಿಂದ, ತೆಳು ಉಂಗುರ ಕೊಳ್ಳುವವರು ಹೆಚ್ಚು ಎಚ್ಚರದಿಂದಿರಬೇಕು.

ರಸೀದಿಯಲ್ಲಿ ಚಿನ್ನದ ತೂಕ, ಅಂದಿನ ದರ, ಕೂಲಿ, ಹರಳಿನ ತೂಕ, ಹರಳಿನ ಬೆಲೆ ಇವು ಬೇರೆಬೇರೆಯಾಗಿ ಕಾಣಬೇಕು. ಹರಳನ್ನೂ ಚಿನ್ನದೊಡನೆ ತೂಗಿ ಚಿನ್ನದ ದರ ಹಾಕಿದರೆ ಗಾಜಿಗೆ ಬಂಗಾರದ ಬೆಲೆ ತೆತ್ತಂತಾಯಿತು. ಕೂಲಿಯು ಅಂಗಡಿಯಿಂದ ಅಂಗಡಿಗೆ ಬಹಳ ಬೇರೆಯಾಗುತ್ತದೆ. ದರಕ್ಕಿಂತ ಅದನ್ನೇ ಚೌಕಾಶಿ ಮಾಡಬಹುದು. ಮುಂದೆ ಮಾರಿದಾಗ ಚಿನ್ನದ ಬೆಲೆ ಬಂದೀತು, ಕೂಲಿ ಬಾರದು.

ಅಳತೆಯ ವಿಷಯವೂ ಸಣ್ಣದಲ್ಲ. ಬೆಳಗಿನ ತಂಪಿನಲ್ಲಿ ಬೆರಳು ಸಣ್ಣಗಾಗಿರುತ್ತದೆ. ಸೆಕೆಯಲ್ಲಿ ಸಂಜೆಯ ಹೊತ್ತಿಗೆ ಊದಿಕೊಂಡಿರುತ್ತದೆ. ಎರಡು ಮೂರು ಬಾರಿ, ಅದರಲ್ಲಿಯೂ ಸಂಜೆ, ಅಳತೆ ತೆಗೆಸುವುದು ಒಳ್ಳೆಯದು. ಬೆರಳಿನ ಗಿಣ್ಣನ್ನು ತುಸು ಒತ್ತಿ ದಾಟುವಂತಿದ್ದರೆ ಸರಿ. ವರನಿಗೆ ತಿಳಿಯದಂತೆ ಮಾಡಿಸಿ ಅಚ್ಚರಿಪಡಿಸಬೇಕೆಂದು ಹೊರಟವರು ನಿಶ್ಚಿತಾರ್ಥದ ದಿನ ಉಂಗುರಕ್ಕೆ ಎಣ್ಣೆ ಹಚ್ಚಿ ಒತ್ತುವುದನ್ನು ನಾವು ಕಂಡಿದ್ದೇವೆ.

ಅಂಗಡಿಯಲ್ಲಿ ತಮ್ಮನ ಕಣ್ಣು ಏಳು ಹರಳಿನ ಎತ್ತರದ ಉಂಗುರದ ಮೇಲೆ ಬಿತ್ತು. ಮಗು ಆಸ್ಪತ್ರೆಯಲ್ಲಿ ದಾದಿಯ ಕೆಲಸದಲ್ಲಿದ್ದಾಳೆ. ದಿನಕ್ಕೆ ಎಷ್ಟೋ ಸಲ ಕೈಗವಸನ್ನು ಹಾಕಿ ತೆಗೆಯುವವಳು. ಅವಳು ನಮ್ಮ ಕಡೆಗೆ ತಿರುಗಿ, "ದೊಡ್ಡಪ್ಪ, ಪೆಟ್ಟಿಗೆಯಲ್ಲಿಡುವ ಉಂಗುರ ನನಗೇಕೆ? ಹಾಕಿಕೊಳ್ಳುವಂಥದ್ದು ಕೊಡಿಸಿ" ಎಂದಳು. ಹರಳಿಲ್ಲದ 4 ಗ್ರಾಂನ ನುಣ್ಣನೆಯ ಉಂಗುರವನ್ನು ಕೊಂಡೆವು. ಉಂಗುರವನ್ನು ಆರಿಸುವಾಗ ತೊಡುವವರ ಕೈಯ ಕೆಲಸವನ್ನು ಮೊದಲು ನೋಡಬೇಕೆಂಬುದನ್ನು ನಮಗೆ ಕಲಿಸಿದವಳು ಅವಳೇ.

ಇನ್ನು ವಾದ್ಯದ ಮಾತು. ಅಂಗಡಿಯಿಂದ ಹಿಂದಿರುಗುವಾಗ, ನಾವು ಕಂಡ ಒಂದು ಸಂಗತಿಯನ್ನು ತಮ್ಮನಿಗೆ ಹೇಳಿದೆವು. ಅದಕ್ಕೆ ಎರಡು ವರ್ಷ ಹಿಂದೆ ಬಂಧುಗಳೊಬ್ಬರ ಮನೆಯ ಮದುವೆಗೆ, ಎಂಬತ್ತು ದಾಟಿದ ನಮ್ಮ ಚಿಕ್ಕಮ್ಮನವರು ಹಳ್ಳಿಯಿಂದ ಬಂದಿದ್ದರು. ತಮ್ಮ ಅತ್ತೆಯವರಿಂದ ಕಲಿತ ಒಂದು ಆರತಿಯ ಹಾಡು ಅವರಲ್ಲಿತ್ತು. ಅದು ಯಾವ ಪುಸ್ತಕದಲ್ಲಿಯೂ ಅಚ್ಚಾದುದಲ್ಲ. ಆರತಿಯ ತಟ್ಟೆಯನ್ನೆತ್ತಿ ಅವರು ಬಾಯಿ ತೆರೆದರು. ಅದೇ ಕ್ಷಣಕ್ಕೆ ಧ್ವನಿವರ್ಧಕದಿಂದ ಸಿನಿಮಾ ಹಾಡೊಂದು ಎದ್ದಿತು. ಅವರ ತುಟಿ ಅಲುಗುವುದು ಕಾಣುತ್ತಿತ್ತು, ಪಕ್ಕದಲ್ಲಿದ್ದ ವಧುವಿಗೂ ಒಂದಕ್ಷರ ಕೇಳಿಸಲಿಲ್ಲ. ಎರಡು ನುಡಿಯಾದ ಮೇಲೆ ಅವರು ನಿಲ್ಲಿಸಿ ಆರತಿಯನ್ನು ಬೆಳಗಿ ಕುಳಿತರು. ಆ ಮಾಘಮಾಸದಲ್ಲಿ ಅವರು ತೀರಿಕೊಂಡರು. ಆ ಹಾಡನ್ನು ಪೂರ್ತಿ ಬಲ್ಲವರು ಈಗ ನಮ್ಮ ವಂಶದಲ್ಲಿ ಯಾರೂ ಇಲ್ಲ. ತಮ್ಮನು ಬಹಳ ಹೊತ್ತು ಮಾತನಾಡಲಿಲ್ಲ. ಮನೆಯ ಬಾಗಿಲಿಗೆ ಬಂದಮೇಲೆ, "ಬಳೆಯ ವಿಚಾರ ಬಿಡಿ ಅಣ್ಣ, ವಾಲಗದವರನ್ನೇ ನೋಡೋಣ" ಎಂದನು.

ನಮ್ಮ ನಾಡಿನಲ್ಲಿ ಮಂಗಳವಾದ್ಯಕ್ಕೆ ಬಡತನವಿಲ್ಲ. ಮೈಸೂರು ಸೀಮೆಯಲ್ಲಿ ನಾಗಸ್ವರ ಮತ್ತು ಡೋಲು. ಉತ್ತರದ ಜಿಲ್ಲೆಗಳಲ್ಲಿ ಶಹನಾಯಿ, ಕರಡಿ ಮಜಲು. ಕೊಡಗಿನಲ್ಲಿ ಕುಣಿತಕ್ಕೆ ಕರೆಯುವ ಅವರದೇ ವಾಲಗ. ನಾಗಸ್ವರವು ದೇವಾಲಯದ ಪ್ರಾಕಾರದಲ್ಲಿ, ಉತ್ಸವದ ಬೀದಿಯಲ್ಲಿ ಬೆಳೆದ ವಾದ್ಯ. ಛತ್ರದೊಳಗೆ ಅದಕ್ಕೆ ಮೈಕು ಕಟ್ಟುವುದು ಹಗಲಿನಲ್ಲಿ ದೀಪ ಹಚ್ಚಿದಂತೆ. ಸಂಜೆಗೆ ಬೇಕಾದರೆ ಎರಡು ಗಂಟೆಯ ಕಚೇರಿ, ಸುಗಮ ಸಂಗೀತ, ಇಲ್ಲವೆ ಗಿರಿಜಾ ಕಲ್ಯಾಣದಂತಹ ಹರಿಕಥೆ ಸಾಕು. ಬಂದವರು ಒಬ್ಬರನ್ನೊಬ್ಬರು ಮಾತನಾಡಿಸಲು ಬಂದಿರುತ್ತಾರೆಂಬುದನ್ನು ಮರೆಯಕೂಡದು.

ಮೇಳದವರನ್ನು ಗೊತ್ತುಮಾಡುವ ಮುನ್ನ ಅವರು ನುಡಿಸುವ ಮತ್ತೊಂದು ಮದುವೆಗೋ ಉತ್ಸವಕ್ಕೋ ಹೋಗಿ ಸ್ವತಃ ಕೇಳಿ ಬರಬೇಕು. ಫೋನಿನಲ್ಲಿ ಕಳುಹಿಸಿದ ತುಣುಕನ್ನು ನಂಬಿ ಮುಂಗಡ ಕೊಡಬಾರದು. ನಾವು ಕೇಳಿದವರೇ ಬರುವರೋ, ಅವರ ಹೆಸರಿನಲ್ಲಿ ಬೇರೆಯವರು ಬರುವರೋ ಎಂಬುದನ್ನು ಬಿಡಿಸಿ ಕೇಳತಕ್ಕದ್ದು. ಎಷ್ಟು ಜನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಪ್ರಯಾಣದ ಖರ್ಚು ಯಾರದು, ಮುಂಗಡವೆಷ್ಟು, ಉಳಿದುದು ಯಾವಾಗ, ಮದುವೆ ಮುಂದಕ್ಕೆ ಹೋದರೆ ಏನು ಗತಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಲೇಸು. ಗಟ್ಟಿಮೇಳಕ್ಕೆ ಕೈಸನ್ನೆ ಮಾಡುವವರು ಪುರೋಹಿತರೇ ಎಂಬುದನ್ನು ಮೊದಲೇ ಗೊತ್ತುಪಡಿಸಿ, ಅವರು ಕಾಣುವಂತೆ ವಾದ್ಯದವರನ್ನು ಕೂರಿಸಬೇಕು. ಅವರಿಗೆ ವಿಶ್ರಾಂತಿಗೆ ಕೋಣೆ, ಹೊತ್ತಿಗೆ ಸರಿಯಾಗಿ ಎಲೆ. ಮುಂಜಾವದಿಂದ ಉಸಿರು ಹಿಡಿದು ನುಡಿಸಿದವರನ್ನು ಕಡೆಯ ಪಂಕ್ತಿಯವರೆಗೆ ಕಾಯಿಸುವುದು ಮನೆಗೆ ಶೋಭೆಯಲ್ಲ.

ಕಾನೂನಿನ ಎರಡು ಮಾತುಗಳನ್ನೂ ತಿಳಿದಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉಳಿದ ಹೊತ್ತಿನಲ್ಲಿಯೂ ಅನುಮತಿ ಪಡೆಯಬೇಕು. ಮದುವೆಯಲ್ಲಿ ಸಿನಿಮಾ ಹಾಡು ನುಡಿಸಿದರೆ ಹಕ್ಕಿನ ಹಣ ಕೊಡಬೇಕೆಂದು ಯಾರಾದರೂ ಕೇಳಿದರೆ ಗಾಬರಿಪಡಬೇಕಾದುದಿಲ್ಲ. 1957ರ ಕೃತಿಸ್ವಾಮ್ಯ ಶಾಸನದ 52ನೆಯ ಪ್ರಕರಣವು ಮದುವೆಯ ಮೆರವಣಿಗೆಗೂ ಮದುವೆಗೆ ಸಂಬಂಧಪಟ್ಟ ಇತರ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರದವರು ಇದನ್ನು ಪ್ರಕಟಣೆಯ ಮೂಲಕ ಮತ್ತೆ ತಿಳಿಸಿದ್ದಾರೆ.

ತಮ್ಮನ ಮಗಳ ಮದುವೆಗೆ ಬಂದವರು ಐದು ಮಂದಿ ವಾದ್ಯಗಾರರು. ಆರತಿಯ ಹೊತ್ತಿಗೆ ಅವರು ತಾವಾಗಿಯೇ ವಾದ್ಯವನ್ನು ಕೆಳಗಿಟ್ಟರು. ನೆರೆಮನೆಯ ಮುತ್ತೈದೆಯರಿಬ್ಬರು ವಾದಿರಾಜರ ಲಕ್ಷ್ಮೀ ಶೋಭಾನೆಯನ್ನು ಹಾಡಿದರು. ಛತ್ರದ ಕೊನೆಯ ಸಾಲಿನವರೆಗೂ ಕೇಳಿಸಿತು. ತಮ್ಮನ ಮಡದಿಯ ಬಳೆಗಳು ಅವಳ ಕೈಯಲ್ಲಿಯೇ ಇದ್ದುವು.

ಈಗ ಆಷಾಢ, ಮದುವೆಗಳಿಲ್ಲದ ತಿಂಗಳು. ವಾದ್ಯದವರಿಗೂ ಬಿಡುವು, ಅಂಗಡಿಯಲ್ಲಿಯೂ ನೂಕುನುಗ್ಗಲಿಲ್ಲ. ಶ್ರಾವಣದ ಲಗ್ನಗಳನ್ನು ನಿಶ್ಚಯಿಸಿಕೊಂಡಿರುವ ಗೃಹಸ್ಥರು ಈ ಬಿಡುವಿನಲ್ಲಿಯೇ ಎರಡು ಕೆಲಸಗಳನ್ನೂ ನಿಧಾನವಾಗಿ ಮುಗಿಸಿಕೊಳ್ಳುವುದು ಒಳ್ಳೆಯದೆಂದು ನಮ್ಮ ಬಿನ್ನಹ. ಮನೆಯಲ್ಲಿ ಹಾಡು ಬಲ್ಲ ಅಜ್ಜಿಯರಿದ್ದರೆ ಅವರ ಬಳಿಯೂ ಒಂದು ಸಂಜೆ ಕುಳಿತು ಬರೆದುಕೊಳ್ಳಿರಿ.