ಬಣವಿಯೊಳಗಿನ ಬೆಕ್ಕು

ನಾನು ಒಂದು ಬೆಕ್ಕು ಕೊಂದಿದ್ದೇನೆ. ಐವತ್ತು ವರ್ಷ ಮೇಲಾಯಿತು, ಇಲ್ಲಿಯವರೆಗೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ.

ಮೂಡಲಗಿ ಸಮೀಪದ ನಮ್ಮ ಹಳ್ಳಿಯ ಮನೆ. ಹಾಲು ಕಾಸಿ ನೆಲುವಿಗೆ ಏರಿಸಿಟ್ಟರೂ ಆ ಬೆಕ್ಕು ಅದ್ಹೇಗೋ ಹತ್ತಿ ಕೆನೆ ನೆಕ್ಕಿ ಹೋಗುತ್ತಿತ್ತು. ಬೈಗುಳ ಬೀಳುತ್ತಿದ್ದದ್ದು ನನಗೆ. ಒಂದು ಸಂಜೆ ಕೈಗೆ ಸಿಕ್ಕ ಕಟ್ಟಿಗೆ ಬೀಸಿದೆ. ನಡುವಿಗೇ ಬಿತ್ತು. ಹಿಂಗಾಲು ಎಳೆದುಕೊಂಡು ಹಿತ್ತಲಿನ ಕಣಿಕಿ ಬಣವಿಯೊಳಗೆ ನುಸುಳಿತು. ಮೂರು ರಾತ್ರಿ ಅಲ್ಲಿಂದ ಅದರ ದನಿ ಬರುತ್ತಿತ್ತು. ನಾಲ್ಕನೆಯ ರಾತ್ರಿ ಬರಲಿಲ್ಲ.

"ಬೆಕ್ಕ ಎಲ್ಲಿ ಹೋತೋ? ನಾಯಿ ಹಿಡದಿರಬೇಕು" ಎಂದಳು ಅಜ್ಜಿ. "ಹೂಂ" ಎಂದೆ.

ಅದೇ ಅಜ್ಜಿ ಹಿಂದೊಮ್ಮೆ ಹೇಳಿದ್ದಳು: ಬೆಕ್ಕು ಕೊಂದ ಪಾಪ ಹೋಗಬೇಕಾದರೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕು. ಅಪ್ಪನ ಹತ್ತಿರ ಬಂಗಾರ ಎಷ್ಟಿದೆ, ಅದು ನಿಜವಾದ ಬೆಕ್ಕಿನಷ್ಟೇ ದೊಡ್ಡದಿರಬೇಕೋ ಸಣ್ಣದಾದರೂ ನಡೆಯುತ್ತದೋ ಎಂದು ಹಾಸಿಗೆಯಲ್ಲಿ ಲೆಕ್ಕ ಹಾಕಿದ್ದೇನೆ. ಕೇಳಿದರೆ ಸಿಕ್ಕಿಬೀಳುತ್ತಿದ್ದೆ.

ಮುಂದೆ ಗೋಕಾಕದಲ್ಲಿ ಕಾಲೇಜು. ಇಂಗ್ಲಿಷ್ ಮಾಸ್ತರರು ಎಡ್ಗರ್ ಅಲನ್ ಪೋ ಬರೆದ 'ದ ಕಾಸ್ಕ್ ಆಫ್ ಅಮೊಂಟಿಲ್ಯಾಡೊ' ಪಾಠ ಮಾಡಿದರು. 1846ರಲ್ಲಿ ಅಚ್ಚಾದ ಕಥೆ. ಗೆಳೆಯನಿಗೆ ಮದ್ಯದ ಆಸೆ ತೋರಿಸಿ ನೆಲದಡಿಯ ಸುರಂಗಕ್ಕೆ ಕರೆದೊಯ್ದು, ಸರಪಳಿ ಬಿಗಿದು, ಜೀವಂತ ಇದ್ದಾಗಲೇ ಗೋಡೆ ಕಟ್ಟಿಬಿಡುವವನೇ ಅದನ್ನು ನಮಗೆ ಹೇಳುತ್ತಾನೆ. ಹುಡುಗರಿಗೆ ಆ ನೆಲಮಾಳಿಗೆ ಕಣ್ಣಿಗೆ ಕಟ್ಟಲಿಲ್ಲ. "ಹಗೇವು ಅಂತ ತಿಳೀರಿ" ಎಂದರು ಮಾಸ್ತರರು. ತಟ್ಟನೆ ತಿಳಿಯಿತು. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಬಿಟ್ಟ ಹಗೇವಿಗೆ ತೆರೆದ ಕೂಡಲೇ ಇಳಿದವನು ಉಸಿರು ಕಟ್ಟಿ ಸಾಯುತ್ತಾನೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಇಳಿಯುವಂತಿಲ್ಲ. ಪೋ ನಮ್ಮ ಕಡೆ ಹುಟ್ಟಿದ್ದರೆ ಮದ್ಯದ ಪೀಪಾಯಿ ಬಿಟ್ಟು ಜೋಳ ಹಿಡಿಯುತ್ತಿದ್ದ.

ಆ ರುಚಿ ಹತ್ತಿ 'ದ ಬ್ಲ್ಯಾಕ್ ಕ್ಯಾಟ್' ತಂದು ಓದಿದೆ. ಹೆಂಡತಿಯನ್ನು ಕೊಂದು ನೆಲಮಾಳಿಗೆಯ ಗೋಡೆಯೊಳಗೆ ಹುಗಿದವನು, ಪೊಲೀಸರು ಬರಿಗೈಲಿ ಹೊರಡುವ ಹೊತ್ತಿಗೆ, ಗೋಡೆ ಎಷ್ಟು ಗಟ್ಟಿ ನೋಡಿ ಎಂದು ಕೋಲಿನಿಂದ ಬಡಿದು ತೋರಿಸುತ್ತಾನೆ. ಒಳಗಿಂದ ಬೆಕ್ಕು ಕೂಗುತ್ತದೆ. ಪುಸ್ತಕ ಮುಚ್ಚಿ ಲೈಬ್ರರಿಗೆ ಮರಳಿಸಿ ಬಂದೆ. ರೂಮಿನ ಗೆಳೆಯ "ಯಾಕೋ ಮಾರಿ ಇಷ್ಟ ಆಗೇತಿ?" ಎಂದು ಕೇಳಿದ. ಜ್ವರ ಎಂದೆ.

ಪೋನದೇ 1843ರ 'ದ ಟೆಲ್-ಟೇಲ್ ಹಾರ್ಟ್' ಕಥೆಯವನು ಮುದುಕನನ್ನು ಕೊಂದು ನೆಲದ ಹಲಗೆಯಡಿ ಮುಚ್ಚಿ, ಅದರ ಮೇಲೇ ಕುರ್ಚಿ ಹಾಕಿ ಕೂಡುತ್ತಾನೆ. ಸತ್ತವನ ಎದೆ ಬಡಿತ ಕೇಳತೊಡಗುತ್ತದೆ, ಅವನೊಬ್ಬನಿಗೇ. ಈ ಮನುಷ್ಯ ಗೋಕಾಕ ಫಾಲ್ಸ್‌ನಲ್ಲಿ ಮನೆ ಹಿಡಿದಿದ್ದರೆ ಪಾರಾಗುತ್ತಿದ್ದನೋ ಏನೋ. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವಾಗ ತೂಗುಸೇತುವೆಯ ಮೇಲೆ ಮಗ್ಗುಲಲ್ಲಿದ್ದವರ ಮಾತೂ ಕೇಳುವುದಿಲ್ಲ. ನೌಕರಿ ಸೇರಿದ ಮೇಲೆ ಎಷ್ಟೋ ಆಷಾಢದಲ್ಲಿ ನಾನು ಅಲ್ಲಿ ನಿಂತು ಬಂದಿದ್ದೇನೆ. ಮನೆಯವರಿಗೆ ನೀರು ನೋಡಲಿಕ್ಕೆ ಎಂದು ಹೇಳಿ.

ಈಗ ವಯಸ್ಸಾದ ಮೇಲೆ ಓದಿದರೆ ಈ ಕೊಲೆಗಾರರಲ್ಲಿ ನನಗೆ ಬೇರೆಯದೇ ಕಾಣುತ್ತದೆ. ಎಲ್ಲರೂ ಮಾತುಗಾರರು. ನಾನು ಹುಚ್ಚ ಅಲ್ಲ ನೋಡಿ, ಎಷ್ಟು ಜಾಣತನದಿಂದ ಮಾಡಿದೆ ನೋಡಿ ಎನ್ನುತ್ತಾರೆ. ತಪ್ಪು ಒಪ್ಪಿಕೊಳ್ಳುತ್ತ ಶಾಭಾಸಗಿರಿಯನ್ನೂ ಕೇಳುತ್ತಾರೆ. ಗೋಡೆ ಬಡಿದದ್ದು ಪಶ್ಚಾತ್ತಾಪಕ್ಕಲ್ಲ, ಮೆರೆದಾಟಕ್ಕೆ. ಸತ್ತವರಿಗೋ ಆ ಕಥೆಗಳಲ್ಲಿ ಒಂದು ಸದ್ದಿನ ಹೊರತು ಏನೂ ದಕ್ಕಿಲ್ಲ. ಇಷ್ಟು ಬರೆದು ಮೊದಲ ಸಾಲು ಮತ್ತೆ ಓದಿಕೊಂಡೆ. ನಾನೂ ಗೋಡೆ ಬಡಿದೇ ಶುರು ಮಾಡಿದ್ದೇನೆ.

ಪೋಗಿಂತ ಆರುನೂರು ವರ್ಷ ಮೊದಲೇ, 1209ರಲ್ಲಿ, ನಮ್ಮ ಜನ್ನ 'ಯಶೋಧರ ಚರಿತೆ' ಬರೆದ. ಅಲ್ಲಿಯೂ ಕೊಂದವನೇ ಕಥೆ ಹೇಳುವವನು. ಕೆಟ್ಟ ಕನಸಿನ ಪರಿಹಾರಕ್ಕೆ ಬಲಿ ಕೊಡು ಎಂದು ತಾಯಿ ಒತ್ತಾಯಿಸುತ್ತಾಳೆ, ಜೀವ ತೆಗೆಯಲು ಒಲ್ಲದ ಯಶೋಧರ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟು ಕೂಗುತ್ತದೆ! ಆ ಒಂದು ಕೂಗಿಗೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಎಂದು ಜನ್ಮ ಜನ್ಮ ಅಲೆದು, ಕಡೆಗೆ ಮಕ್ಕಳಾಗಿ ಹುಟ್ಟಿ, ಬಲಿಗೆಂದು ಹಿಡಿದು ತಂದ ದೊರೆ ಮಾರಿದತ್ತನ ಮುಂದೆ ನಿಲ್ಲುತ್ತಾರೆ. ಹಿಂದೆ ಯಶೋಧರನಾಗಿದ್ದ ಹುಡುಗ ಅಭಯರುಚಿ ತನ್ನ ಕಥೆ ಹೇಳುತ್ತ ಹೋಗುತ್ತಾನೆ. ಅವನ ದನಿಯಲ್ಲಿ ಜಂಬ ಇಲ್ಲ, ಯಾಕೆಂದರೆ ಕೊಂದವನಾಗಿ ಶುರುವಾದವನು ಕೊಲೆಯಾದವನಾಗಿಯೂ ಎಷ್ಟೋ ಸಲ ಬಂದಿದ್ದಾನೆ. ನನ್ನ ಮಟ್ಟಿಗೆ ಪೋನ ಬೆಕ್ಕಿಗಿಂತ ಜನ್ನನ ಹಿಟ್ಟಿನ ಕೋಳಿ ದೊಡ್ಡದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಜೋಕುಮಾರ. ನನ್ನ ಹೆಂಡತಿ ಹುಕ್ಕೇರಿ ಕಡೆಯವಳು. ಚಂದ್ರಶೇಖರ ಕಂಬಾರರ ಘೋಡಗೇರಿ ಅದೇ ತಾಲೂಕಿನ ಊರು, ಅವರ 'ಜೋಕುಮಾರಸ್ವಾಮಿ' ನಾಟಕ ಬಂದದ್ದು 1972ರಲ್ಲಿ. ನಾಟಕಕ್ಕಿಂತ ಮೊದಲೇ ಆ ದೇವರು ಜೋಕುಮಾರ ನಮ್ಮ ಬಾಗಿಲಿಗೆ ಬರುತ್ತಿದ್ದ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಏಳು ದಿನದ ದೇವರು. ಅಗಲ ಕಣ್ಣು, ದಪ್ಪ ಮೀಸೆ, ತುಟಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಬುಟ್ಟಿಯಲ್ಲಿ ಕೂಡಿಸಿಕೊಂಡು ಹೆಣ್ಣುಮಕ್ಕಳು ಮನೆಮನೆಗೆ ಹಾಡುತ್ತ ಬರುತ್ತಾರೆ, ಮೊರದಲ್ಲಿ ಜೋಳ ಹಾಕಿಸಿಕೊಳ್ಳುತ್ತಾರೆ. ಅವನು ಅಗಸರ ಹೆಣ್ಣಿನ ಬೆನ್ನು ಹತ್ತಿ ಕೊಲೆಯಾದವನು. ಅದಕ್ಕೇ ಅವನು ಸತ್ತ ಮೂರು ದಿನ ಅಗಸರು ಹಳ್ಳಕ್ಕೆ ಬಟ್ಟೆ ಒಯ್ಯುವುದಿಲ್ಲ ಎನ್ನುತ್ತಾರೆ. ಒಗೆಯುವ ಕಲ್ಲಿನಿಂದ ಅವನು ನರಳುವುದು ಕೇಳುತ್ತದಂತೆ.

ಮೊದಲ ಸಲ ಇದನ್ನು ಹೇಳಿದವರು ನಮ್ಮ ಅತ್ತೆ. ಬಣವಿಯ ಮೂರು ರಾತ್ರಿ ನೆನಪಾಗಿ ತಾಟಿನಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಪೋನವನು ಒಬ್ಬನೇ ಕೇಳಿ ಒಬ್ಬನೇ ಕಿರುಚಿದ. ಇಲ್ಲಿ ನರಳುವ ಸದ್ದಿಗೆ ಕಲ್ಲುಗಳೆಲ್ಲ ಬಿಡುವು ಕೊಡುತ್ತವೆ. ಕಥೆ ಹೇಳುವ ಹಕ್ಕು ಕೊಂದವನ ಕೈಯಲ್ಲಿಲ್ಲ, ಸತ್ತವನನ್ನು ತಲೆಯ ಮೇಲೆ ಹೊತ್ತ ಹೆಂಗಸರ ಬಾಯಲ್ಲಿದೆ. ಸತ್ತವನೂ ಸಾಚಾ ಅಲ್ಲ, ತುಡುಗ. ನನ್ನ ಬೆಕ್ಕಿನ ಹಾಗೆ. ಅದಕ್ಕೊಂದು ಬುಟ್ಟಿ ಸಿಗಲಿಲ್ಲ.

ಹೋದ ಭಾದ್ರಪದದಲ್ಲಿ ಊರಿಗೆ ಹೋಗಿದ್ದೆ. ಬುಟ್ಟಿ ಬಾಗಿಲಿಗೆ ಬಂತು. ಜೋಳ ಹಾಕಿ, ಅಡಿಗೆಮನೆಯಿಂದ ಕೆನೆ ತಂದು ಜೋಕುಮಾರನ ತುಟಿಗೆ ಹಚ್ಚಿದೆ. "ಕೆನಿ ಅಲ್ರೀ, ಬೆಣ್ಣಿ ಹಚ್ಚಬೇಕು" ಎಂದು ಹೊತ್ತವಳು ನಕ್ಕಳು. ಬೆಣ್ಣೆಯನ್ನೂ ತಂದು ಹಚ್ಚಿದೆ. ಹಿತ್ತಲಲ್ಲಿ ಬಣವಿ ಇದ್ದ ಜಾಗದಲ್ಲಿ ಈಗ ಅಣ್ಣನ ಮಗನ ಕಬ್ಬಿನ ಟ್ರ್ಯಾಕ್ಟರ್ ನಿಲ್ಲುತ್ತದೆ.