ಸೊಲ್ಲಾಪುರ ಸೀಮೆಯ ದ್ರಾಕ್ಷಿ, ಅಕಲೂಜಿನ ಕೆಂಪು ವೈನ್

ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ ಬೇಸಾಯವನ್ನು ಕೆಲವು ದಶಕಗಳಿಂದ ಹತ್ತಿರದಲ್ಲಿ ಕಂಡವರಿಗೆ ಅದು ಒಂದೇ ಬೆಳೆಯ ಕಥೆಯಾಗಿ ತೋರುವುದಿಲ್ಲ. ತಿನ್ನುವ ಹಣ್ಣು, ಒಣದ್ರಾಕ್ಷಿ, ವೈನ್ ಎಂಬ ಮೂರು ಕಸುಬುಗಳು ಒಂದರ ಹಿಂದೊಂದು ಬಂದವು, ಆದರೆ ಜಿಲ್ಲೆಯ ಎಲ್ಲ ಭಾಗಗಳಿಗೂ ಒಂದೇ ಸಮನಾಗಿ ಹಬ್ಬಲಿಲ್ಲ. ಕನ್ನಡ ಮಾತಿನ ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿ, ದುಧನಿ ಕಡೆಯ ರೈತರು ಮೊದಲಿನ ಎರಡನ್ನು ಬಲ್ಲರು. ಮೂರನೆಯದು ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಮಾಳಶಿರಸ ತಾಲ್ಲೂಕಿನ ಅಕಲೂಜಿನ ಸುತ್ತಲೇ ನೆಲೆಯೂರಿತು.

ಮಳೆ ಕಡಿಮೆಯಿರುವ, ಗರಸಿನ ಮೇಲೆ ತೆಳ್ಳಗೆ ಕರಿಮಣ್ಣು ಹಾಸಿದ ಈ ನೆಲದಲ್ಲಿ ದ್ರಾಕ್ಷಿ ಪಡಕ್ಕೆ ಹೆಸರು ತಂದದ್ದು ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜ ಗ್ರಾಮ. ಅಲ್ಲಿನ ರೈತ ನಾನಾಸಾಹೇಬ ಕಾಳೆ ಅವರು ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ತಮ್ಮ ಹೊಲದ ಬಳ್ಳಿಗಳಲ್ಲೇ ಭಿನ್ನವಾಗಿ ಕಂಡ ಚಿಗುರನ್ನು ಆರಿಸಿ ಬೆಳೆಸಿ, ಉದ್ದ ಕಾಳಿನ ಸೋನಾಕಾ, ಕಪ್ಪು ಬಣ್ಣದ ಶರದ್ ಸೀಡ್‌ಲೆಸ್ ಎಂಬ ತಳಿಗಳನ್ನು ಕೊಟ್ಟರು. ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡುವುದು, ಎಂದರೆ ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲೆಂದೂ ಅಕ್ಟೋಬರ್‌ನಲ್ಲಿ ಹಣ್ಣು ಹಿಡಿಸಲೆಂದೂ ಬಳ್ಳಿ ಕತ್ತರಿಸುವುದು, ದಖ್ಖನಿನ ದ್ರಾಕ್ಷಿ ಬೇಸಾಯದಲ್ಲಿ ರೂಢಿಯಲ್ಲಿರುವ ಪದ್ಧತಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಫ್ರಾನ್ಸಿನ ಬಳ್ಳಿಗೆ ಒಂದೇ ಚಾಟ್ನಿ ಸಾಕು. ಉಪ್ಪುನೀರನ್ನೂ ಬರವನ್ನೂ ತಾಳುವ ಡಾಗ್‌ರಿಡ್ಜ್ ಎಂಬ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟುವ ರೂಢಿ 1990ರ ದಶಕದಿಂದೀಚೆಗೆ ಹರಡಿದ ಮೇಲೆ, ಹನಿ ನೀರಾವರಿಯೂ ಸೇರಿಕೊಂಡು, ಹಿಂದೆ ಬರೀ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿಯೂ ಹಂದರಗಳು ಎದ್ದವು.

ಒಣದ್ರಾಕ್ಷಿಯ ಕಸುಬು ರೈತನ ಭಯವನ್ನು ಅರ್ಧಕ್ಕೆ ಇಳಿಸಿತು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದರೆ ಕಾಳಿನ ಮೇಣದ ಪೊರೆ ಸಡಿಲಾಗಿ ತೇವ ಬೇಗ ಹೊರಬೀಳುತ್ತದೆ. ಬಳಿಕ ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವಿ ಎರಡು ವಾರದ ಆಸುಪಾಸು ಬಿಟ್ಟರೆ ನಾಲ್ಕು ಕಿಲೋ ಹಣ್ಣು ಸುಮಾರು ಒಂದು ಕಿಲೋ ಒಣಹಣ್ಣಾಗುತ್ತದೆ. ಹಸಿ ಹಣ್ಣಿಗೆ ದರ ಬೀಳಲಿ, ವ್ಯಾಪಾರಿ ಕೈಕೊಡಲಿ, ತಾಸಗಾವ, ಸಾಂಗ್ಲಿ, ವಿಜಯಪುರದ ಪೇಟೆಗಳು ತೆರೆದೇ ಇರುತ್ತವೆ, ಶೀತಲಗೃಹದಲ್ಲಿಟ್ಟು ಕಾಯುವುದಕ್ಕೂ ಆಗುತ್ತದೆ.

ವೈನಿನ ದ್ರಾಕ್ಷಿಗೆ ಈ ಆಸರೆಯಿಲ್ಲ. ತಿನ್ನುವ ಹಣ್ಣಿನ ಪಡದಲ್ಲಿ ಕಾಳು ದಪ್ಪವಾಗಲೆಂದು ಜಿಬ್ಬರೆಲಿಕ್ ಆಮ್ಲದಲ್ಲಿ ಗೊನೆಯನ್ನು ಅದ್ದುತ್ತಾರೆ, ತೂತುಗಳುಳ್ಳ ಅಳತೆಪಟ್ಟಿಗೆ ಕಾಳು ತೂರಿಸಿ ಹದಿನಾರು, ಹದಿನೆಂಟು ಮಿಲಿಮೀಟರ್ ಎಂದು ಎಣಿಸುತ್ತಾರೆ, ದರ ನಿಲ್ಲುವುದೂ ಆ ಲೆಕ್ಕದ ಮೇಲೆಯೇ. ಫ್ರಾನ್ಸಿನ ಬೋರ್ಡೊ ಪ್ರಾಂತದಿಂದ ಬಂದ ಕ್ಯಾಬರ್ನೆ ಸೊವಿನ್ಯೋ ತಳಿಯ ಕಾಳು ಇದಕ್ಕಿಂತ ಬಹಳ ಸಣ್ಣದು, ಬೀಜವುಳ್ಳದ್ದು, ಸಿಪ್ಪೆ ದಪ್ಪನಾದದ್ದು. ಆದರೆ ಕೆಂಪು ವೈನಿನ ಬಣ್ಣವೂ ಒಗರೂ ಹುಟ್ಟುವುದು ರಸದಿಂದಲ್ಲ, ಸಿಪ್ಪೆ ಬೀಜಗಳ ಸಮೇತ ಹುಳಿಯಿಸಿದಾಗ ಅವುಗಳಿಂದ ಬಿಡುವ ಸಾರದಿಂದ. ಆದ್ದರಿಂದ ವೈನ್ ಮಾಡುವವನಿಗೆ ಗುಣವಾದದ್ದೆಲ್ಲವೂ ಸೊಲ್ಲಾಪುರದ ಸಂತೆಯಲ್ಲಿ ದೋಷವೇ. ಇಳುವರಿಯನ್ನೂ ಬೇಕೆಂದೇ ತಗ್ಗಿಸಬೇಕಾಗುತ್ತದೆ. ಕಷ್ಟಪಟ್ಟು ಬೆಳೆಸಿದ ಗೊನೆಗಳನ್ನು ಎಳೆಯದರಲ್ಲೇ ಕತ್ತರಿಸಿ ನೆಲಕ್ಕೆ ಬಿಡುವುದನ್ನು ಕಂಡ ಹಳೆಯ ಬೆಳೆಗಾರರು ಹುಬ್ಬೇರಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ಹೊರಡಿಸಿ ವೈನಿಗೆ ಸುಂಕದ ರಿಯಾಯಿತಿ ಕೊಟ್ಟ ಮೇಲೆ, ಇಟಲಿಯ ಸೆಕ್ಕಿ ಸಹೋದರರು, ದಿಲ್ಲಿಯ ಸೇಖ್ರಿ ಸಹೋದರರು ಮತ್ತು ಅಕಲೂಜಿನ ಮೋಹಿತೆ ಪಾಟೀಲ ಮನೆತನದ ಸಹೋದರರು ಕೂಡಿ ಫ್ರಾಟೆಲ್ಲಿ ವೈನರಿಯನ್ನು ಕಟ್ಟಿದರು. ಟಸ್ಕನಿಯ ವೈನ್ ತಜ್ಞ ಪಿಯೆರೊ ಮಾಸಿ ಅವರ ಮೇಲ್ವಿಚಾರಣೆಯಲ್ಲಿ ಹೊರದೇಶದಿಂದ ತರಿಸಿದ ಸಸಿಗಳನ್ನು ನೆಟ್ಟು, ಹಂದರದ ಬದಲು ತಂತಿಗೆ ನೆಟ್ಟಗೆ ಹಬ್ಬಿಸಿ, ಇಟಲಿಯ ಸಾಂಜಿಯೊವೆಸೆ ಮತ್ತು ಫ್ರಾನ್ಸಿನ ಕ್ಯಾಬರ್ನೆ ಬೆರೆಸಿದ ಸೆಟ್ಟೆ ಎಂಬ ಕೆಂಪು ವೈನನ್ನು ಓಕ್ ಮರದ ಪೀಪಾಯಿಗಳಲ್ಲಿ ಹದಗೊಳಿಸಿ ಹೊರತಂದರು. ಮುಂದೆ ಫ್ರಾನ್ಸಿನ ಬರ್ಗಂಡಿಯ ಜಾನ್ ಶಾರ್ಲ್ ಬ್ವಾಸೆ ಅವರೂ ಕೈಜೋಡಿಸಿ ಜೆನೂನ್ ಎಂಬ ವೈನನ್ನು ರೂಪಿಸಿದರು.

ಇಲ್ಲಿ ಗಮನಿಸಬೇಕಾದದ್ದು ಒಡೆತನ. ಫ್ರಾನ್ಸಿನ ಸಣ್ಣ ವೈನ್ ತೋಟದಲ್ಲಿ, ಅವರು ದೊಮೇನ್ ಎನ್ನುವಂಥದರಲ್ಲಿ, ಬಳ್ಳಿ ಸವರುವವನೂ ಸೀಸೆ ತುಂಬುವವನೂ ಸಾಮಾನ್ಯವಾಗಿ ಒಂದೇ ಮನೆಯವರು. ಅಕಲೂಜಿನಲ್ಲಿಯೂ ತೋಟ, ಪೀಪಾಯಿ ಎರಡೂ ಒಂದೇ ಕೈಯಲ್ಲಿದ್ದವು. ನಾಸಿಕ, ಸಾಂಗ್ಲಿ ಕಡೆ ಕಾರ್ಖಾನೆಗಳ ಮಾತು ನಂಬಿ ವೈನ್ ತಳಿ ನೆಟ್ಟವರಲ್ಲಿ ಅನೇಕರು 2008ರ ಆರ್ಥಿಕ ಹಿಂಜರಿತದ ನಂತರ ಕೊಳ್ಳುವವರಿಲ್ಲದೆ ಬಳ್ಳಿಗಳನ್ನೇ ಕಿತ್ತುಹಾಕಿದರು. ಆ ಹಣ್ಣು ಸಂತೆಗೂ ಸಲ್ಲದು, ಒಣಗಿಸಿದರೆ ಬರೀ ಬೀಜ. ಇದನ್ನೆಲ್ಲ ದೂರದಿಂದ ನೋಡಿದ ಅಕ್ಕಲಕೋಟೆಯ ರೈತ ಥಾಮ್ಸನ್ ಸಂತತಿಯ ಬೀಜರಹಿತ ತಳಿಗಳನ್ನೇ ಹಿಡಿದುಕೊಂಡದ್ದನ್ನು ಹಿಂದುಳಿದ ಬುದ್ಧಿ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅದು ಸರಿಯಾದ ತೀರ್ಮಾನವೇ ಆಗಿತ್ತು. ಸ್ವಾಮಿ ಸಮರ್ಥರ ಕ್ಷೇತ್ರವಾದ ಅಕ್ಕಲಕೋಟೆಯ ಆಸುಪಾಸಿನಲ್ಲಿ ಮದ್ಯದ ಕಚ್ಚಾಮಾಲು ಬೆಳೆಯುವ ಸಂಕೋಚವೂ ಸ್ವಲ್ಪಮಟ್ಟಿಗೆ ಇದ್ದಿರಬಹುದು, ಆದರೆ ಅದನ್ನೇ ಮುಖ್ಯ ಕಾರಣವೆನ್ನಲಾಗದು.

ಫ್ರಾನ್ಸಿನಲ್ಲಿ 1935ರಿಂದಲೇ ವೈನಿಗೆ ಅದು ಹುಟ್ಟಿದ ಸೀಮೆಯ ಹೆಸರನ್ನು ಕಾನೂನಿನಿಂದ ಕಾಯುವ ವ್ಯವಸ್ಥೆಯಿದೆ. ಭಾರತದಲ್ಲಿ ಅಂಥ ಭೌಗೋಳಿಕ ಸೂಚಿ, ಎಂದರೆ ಜಿಐ ಮಾನ್ಯತೆ, ನಾಸಿಕ ಕಣಿವೆಯ ವೈನಿಗೆ ದೊರೆತಿದೆ. ಸೊಲ್ಲಾಪುರದ ಹೆಸರಿನಲ್ಲಿ ಚಾದರ, ಟೆರ್ರಿ ಟವೆಲ್, ದಾಳಿಂಬೆಗಳಿಗೆ ಆ ಮಾನ್ಯತೆಯಿದ್ದು, ಅಕಲೂಜಿನ ವೈನ್ ಮಾತ್ರ ಇನ್ನೂ ಕಂಪನಿಯ ಹೆಸರಿನಲ್ಲಿಯೇ ಮಾರಾಟವಾಗುತ್ತಿದೆ.